ಹತ್ತೊಂಬತ್ತೂವರೆ ಕಿಲೋ

ಸೀಸದಕ್ಕ ಎಂದು ಅವಳಿಗೆ ಹೆಸರಿಟ್ಟವನು ನಾನೇ. ನಮ್ಮದು ತೂಕದ ಬಟ್ಟುಗಳನ್ನು ಮಾಡುವ, ಸವೆದು ಬಂದವನ್ನು ಸರಿಪಡಿಸುವ ಕಾರ್ಖಾನೆ. ಎರಕದಿಂದ ಬಂದ ಕಬ್ಬಿಣದ ಬಟ್ಟು ಯಾವತ್ತೂ ಸರಿಯಾದ ತೂಕಕ್ಕೆ ಇರುವುದಿಲ್ಲ. ಬೇಕೆಂದೇ ಕೊಂಚ ಕಡಿಮೆ ಇಟ್ಟು ಎರೆದಿರುತ್ತಾರೆ, ತಳದಲ್ಲಿ ಒಂದು ಕುಳಿ ಬಿಟ್ಟಿರುತ್ತಾರೆ. ಆ ಕುಳಿಗೆ ಕರಗಿದ ಸೀಸ ಹನಿಸಿ, ತಕ್ಕಡಿಗಿಟ್ಟು, ಹೆಚ್ಚಾದರೆ ಕೆರೆದು, ಕಡಿಮೆಯಾದರೆ ಇನ್ನೊಂದು ಹನಿ ಬಿಟ್ಟು, ಮುಳ್ಳು ನಡುಗೆರೆಯ ಮೇಲೆ ನಿಲ್ಲುವ ಹಾಗೆ ಮಾಡುವುದು ಅವಳ ಕೆಲಸ. ಅವಳು ‘ಸರಿ ಇದೆ’ ಎಂದ ಬಟ್ಟಿನ ನೆತ್ತಿಗೆ ಆ ವರ್ಷದ ಮುದ್ರೆ ಒತ್ತುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಅಕ್ಕಪಕ್ಕದ ಬೆಂಚಿನಲ್ಲಿ ಕೂತಿದ್ದೇವೆ. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು, ಒಂದು ಮೊಳ ಗಿಡ್ಡ. ಕೋಪದಲ್ಲಿ ಮಾತ್ರ ಇಬ್ಬರೂ ಸಮಾನರು.

ಒಮ್ಮೆ ಮಾಲೀಕರೇ ಬಂದು ನಿಂತು, "ಒಂದೆರಡು ಗ್ರಾಂ ತಾನೇ, ಬಿಡಮ್ಮಾ, ಲಾರಿ ಕಾಯ್ತಿದೆ" ಅಂದರು. ಅಕ್ಕ ಸೀಸದ ಸೌಟನ್ನು ಕೆಳಗಿಟ್ಟಳು. "ಎರಡು ಗ್ರಾಂ ಬಿಡೋದಾದ್ರೆ ನಾನ್ಯಾಕೆ ಇಲ್ಲಿ, ಮನೆಗೆ ಹೋಗ್ತೀನಿ" ಅಂದಳು. ಲಾರಿ ಸಂಜೆಯವರೆಗೂ ಕಾಯಿತು. ಇಂಥವಳು ಮೋಸ ಹೋದದ್ದು ತೂಕದ ವಿಷಯದಲ್ಲೇ.

ಅವಳ ಬಗ್ಗೆ ಜನ ಈಗ ಏನೇನೋ ಆಡುತ್ತಾರೆ. ಜನಕ್ಕೇನು, ಬಾಯಿಗೆ ಬಂದದ್ದು ಆಡಿ ಮನೆಗೆ ಹೋಗಿ ಮಲಗುತ್ತಾರೆ. ನಾನು ಕಣ್ಣಾರೆ ಕಂಡವನು. ಕಂಡವನು ಮಾತ್ರವಲ್ಲ, ಅದರಲ್ಲಿ ನನ್ನ ಪಾಲೂ ಇದೆ, ಸಣ್ಣ ಪಾಲೇನಲ್ಲ. ಹಾಗಾಗಿ ಹೇಳುತ್ತಿದ್ದೇನೆ. ಹೇಳಿದರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರಲ್ಲ, ಆ ಆಸೆ ನನಗಿಲ್ಲ.

ಅಕ್ಕನ ಗಂಡ ಗೋಡೆಗೆ ಬಣ್ಣ ಹೊಡೆಯುತ್ತಿದ್ದವರು. ರಕ್ತಸಂಬಂಧವಿಲ್ಲದಿದ್ದರೂ ನಾನು ಅವರನ್ನು ಭಾವ ಎನ್ನುತ್ತಿದ್ದೆ, ಅವರು ನನ್ನನ್ನು ಭಾವಮೈದ ಎಂದು ಕರೆದು ಆ ನೆಂಟಸ್ತಿಕೆಯಲ್ಲಿ ಎಷ್ಟು ಕಾಲೆಳೆಯಬಹುದೋ ಅಷ್ಟೂ ಎಳೆಯುತ್ತಿದ್ದರು. ನನಗೆ ಮದುವೆಯಾಗಲಿಲ್ಲ ಎನ್ನುವುದೊಂದೇ ಅವರಿಗೆ ಹತ್ತು ವರ್ಷದ ನಗುವಿಗೆ ಸಾಕಾಗಿತ್ತು. ಅವರಿಗೆ ಮಕ್ಕಳಿರಲಿಲ್ಲ. ಒಂದು ಅಡುಗೆಮನೆ, ಒಂದು ಮಲಗುವ ಕೋಣೆ, ಹಿಂದೆ ಒಂದು ಗಲ್ಲಿಗೆ ತೆರೆದ ಕಿಟಕಿ, ಇಷ್ಟೇ ಮನೆ. ಕಾರ್ಖಾನೆಯಿಂದ ಎರಡು ಬೀದಿ ಆಚೆ.

ಭಾವ ಒಂದು ದಿನ ಮೂರನೇ ಮಹಡಿಯ ಅಟ್ಟಣಿಗೆಯಿಂದ ಬಿದ್ದರು. ಬೆನ್ನುಹುರಿ ಹೋಯಿತು. ಸೊಂಟದ ಕೆಳಗೆ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಎರಡು ತಿಂಗಳಿಟ್ಟುಕೊಂಡು, ಆಮೇಲೆ ನಗರದ ಹೊರಗಿನ ಆರೈಕೆ ಕೇಂದ್ರಕ್ಕೆ ಸಾಗಿಸಿದರು. ಅಲ್ಲಿ ಮೂರು ತಿಂಗಳಿದ್ದರು. ಒಂದು ಕೋಣೆಯಲ್ಲಿ ಎಂಟು ಮಂಚ. ಪಕ್ಕದ ಮಂಚದ ಮುದುಕ ಸತ್ತದ್ದು ಬೆಳಿಗ್ಗೆ ತಿಂಡಿಯ ಗಾಡಿ ಬರುವವರೆಗೆ ಯಾರಿಗೂ ತಿಳಿಯಲಿಲ್ಲವಂತೆ. ಭಾವನಿಗೆ ತಿಳಿದಿತ್ತು. ಕೂಗಿದರಂತೆ, ಯಾರೂ ಬರಲಿಲ್ಲವಂತೆ. ಇಷ್ಟು ಹೇಳಿದ್ದು ನನಗೆ, ಅಕ್ಕನಿಗಲ್ಲ. ಅಕ್ಕನಿಗೆ ಹೇಳಿದ್ದು ಒಂದೇ ಮಾತು: "ಏನಾದ್ರೂ ಮಾಡು, ಅಲ್ಲಿಗೆ ಮಾತ್ರ ವಾಪಸ್ ಕಳಿಸ್ಬೇಡ."

ಮನೆಗೆ ಕರೆತಂದಾಗ ಆರೈಕೆ ಕಚೇರಿಯವರು ಒಂದು ನಿಯಮ ಹೇಳಿದರು. ಮೂರು ವರ್ಷ ಬೆಳಿಗ್ಗೆ ಸಂಜೆ ಒಬ್ಬ ಸಹಾಯಕರನ್ನು ಕಳಿಸುತ್ತೇವೆ. ಅಷ್ಟರಲ್ಲಿ ಮನೆಯಲ್ಲಿ ಒಬ್ಬರು, ಬೇರೆಯವರ ಕೈಯಿಲ್ಲದೆ, ಇವರನ್ನು ನೆಲದಿಂದ ಎತ್ತಿ ಕುರ್ಚಿಗೆ ಕೂರಿಸುವಂತಾಗಬೇಕು. ಮೂರು ವರ್ಷಕ್ಕೆ ಪರೀಕ್ಷೆ. ಆಗದಿದ್ದರೆ ಮತ್ತೆ ಕೇಂದ್ರಕ್ಕೆ. ಭಾವನ ತೂಕ ಆಗ ಎಪ್ಪತ್ತೆರಡು ಕಿಲೋ. ಅಕ್ಕನದು ಐವತ್ತೊಂದು, ಅದೂ ಕಾರ್ಖಾನೆಯ ದಪ್ಪ ಚಪ್ಪಲಿ ಸೇರಿಸಿ. ಅವಳ ವಯಸ್ಸು ನಲವತ್ತೊಂಬತ್ತು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಒಬ್ಬರಿದ್ದರು. ಅವರನ್ನು ಅಕ್ಕ ಕೇಳಿದಳು, ಎತ್ತುವುದು ಹೇಗೆ ಹೇಳಿಕೊಡಿ ಎಂದು.

"ಈಗ ಎತ್ತೋಕೆ ಹೋದ್ರೆ ನಿಮ್ಮನೇಲಿ ಒಬ್ರಲ್ಲ, ಇಬ್ರು ಮಲಗ್ತೀರ" ಅಂದರು ಆಕೆ. "ಎತ್ತೋದು ಕೈಯಲ್ಲಲ್ಲ, ಸೊಂಟದಲ್ಲಿ. ಸೊಂಟಕ್ಕೆ ಬಲ ಬರೋಕೆ ವರ್ಷಗಟ್ಟಲೆ ಬೇಕು. ತಾಳ್ಮೆ ಇದ್ಯಾ?"

"ಬರೀ ತಾಳ್ಮೆಯಲ್ಲೇ ಹೊಟ್ಟೆ ಹೊರ್ಕೊಂಡು ಬಂದಿದೀನಿ ಡಾಕ್ಟ್ರೇ" ಅಂದಳು ಅಕ್ಕ.

ಡಾಕ್ಟರಮ್ಮ ಒಂದು ಕೆಟಲ್‌ಬೆಲ್ ತೋರಿಸಿದರು. ಮೇಲೊಂದು ಹಿಡಿಯಿರುವ ಕಬ್ಬಿಣದ ಗುಂಡು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಎದೆಗೆ ಆನಿಸಿಕೊಂಡು, ಬೆನ್ನು ನೆಟ್ಟಗಿಟ್ಟು, ಕುಕ್ಕರಗಾಲಲ್ಲಿ ಕೂತು ಏಳುವುದು. ಇನ್ನೊಂದು, ಅದನ್ನು ಕಾಲ ಸಂದಿಯಿಂದ ಎದೆಯ ಎತ್ತರಕ್ಕೆ ತೂಗುವುದು. ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ. ಹತ್ತನೆಯ ಸಲ ಎದ್ದದ್ದು ಮೊದಲ ಸಲದಷ್ಟೇ ನೀಟಾಗಿ ಬಂದರೆ ಮಾತ್ರ ಭಾರ ಹೆಚ್ಚಿಸಬೇಕು, ಉಸಿರು ಕಟ್ಟಿ ಎತ್ತಿದ್ದು ಲೆಕ್ಕಕ್ಕಿಲ್ಲ. ಎಂಟು ಕಿಲೋದಿಂದ ಶುರು. ಇಪ್ಪತ್ನಾಲ್ಕು ಕಿಲೋದಲ್ಲಿ ಹತ್ತು ಸಲ ಎದ್ದ ದಿನ ಗಂಡನನ್ನು ಎತ್ತಬಹುದು, ಅವರೂ ತಮ್ಮ ಕೈಯಲ್ಲಿ ಕುರ್ಚಿ ಹಿಡಿದು ಸಹಾಯ ಮಾಡುತ್ತಾರಲ್ಲ ಎಂದರು.

ಅಂಗಡಿಗೆ ಹೋಗಿ ನೋಡಿಬಂದ ಅಕ್ಕ ಮಾರನೇ ದಿನ ಬೆಂಚಿನಲ್ಲಿ ಕೂತು ಗೊಣಗಿದ್ದೇ ಗೊಣಗಿದ್ದು. "ಎಂಟು ಆದ್ಮೇಲೆ ಹನ್ನೆರಡಂತೆ, ಹನ್ನೆರಡು ಆದ್ಮೇಲೆ ಹದಿನಾರಂತೆ. ಒಂದೇ ಸಲಕ್ಕೆ ನಾಲ್ಕು ಕಿಲೋ ಹಾರೋದಾ? ನಾಲ್ಕು ಗ್ರಾಂ ಹೆಚ್ಚಾದ್ರೆ ನಾವು ರಾತ್ರಿ ಊಟ ಮಾಡಲ್ಲ."

ಅವಳ ಗೊಣಗಾಟ ತಾಳಲಾರದೆ ನಾನು ಎರಕದವನ ಹತ್ತಿರ ಹೋಗಿ ಒಂದು ಗುಂಡು ಮಾಡಿಸಿದೆ. ಒಳಗೆ ಪೊಳ್ಳು, ಹಿಡಿ ಸೇರಿ ಸರಿಯಾಗಿ ಎಂಟು ಕಿಲೋ, ತಳದಲ್ಲಿ ತಿರುಗಿಸಿ ಹಾಕುವ ಬಿರಡೆ. ಅದರೊಳಗೆ ಸೀಸದ ಕಾಳು ತುಂಬುವುದು, ಕಾಳು ಗಲಗಲ ಎನ್ನದಂತೆ ಮೇಲೆ ಮೇಣ ಹಾಕುವುದು. ಅಕ್ಕ ಲೆಕ್ಕ ಹಾಕಿದಳು. ವಾರಕ್ಕೆ ನೂರು ಗ್ರಾಂ. ಹದಿನಾರು ಕಿಲೋ ಹೆಚ್ಚಲು ನೂರ ಅರವತ್ತು ವಾರ. ಮೂರು ವರ್ಷಕ್ಕೆ ನಾಲ್ಕು ವಾರ ಜಾಸ್ತಿ. "ಆ ನಾಲ್ಕು ವಾರಾನ ಎಲ್ಲಾದ್ರೂ ಉಳಿಸ್ಕೋತೀನಿ ಬಿಡು" ಅಂದಳು.

ಮೊದಲ ತಿಂಗಳು ಬರೀ ಕೈ. ಬಾಗಿಲಿಗೆ ಬೆನ್ನು ಹಾಕಿ ನಿಂತು, ಕುಂಡಿ ಬಾಗಿಲಿಗೆ ತಾಗುವಂತೆ ಹಿಂದಕ್ಕೆ ತಳ್ಳುವುದೊಂದೇ ಪಾಠ. ಭಾವ ಮಂಚದ ಮೇಲಿಂದ ನೋಡಿ, "ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ನನ್ನ ಹೆಂಡ್ತಿ ಕುಣಿಯೋದನ್ನ ನೋಡೋ ಭಾಗ್ಯ ಬಂತು" ಎನ್ನುತ್ತಿದ್ದರು. ಅವರ ನಾಲಿಗೆಗೆ ಏನೂ ಪೆಟ್ಟಾಗಿರಲಿಲ್ಲ. "ಜೀವಮಾನವೆಲ್ಲ ಕಂಡವರ ಮನೆ ಸೂರಿಗೆ ಬಣ್ಣ ಹೊಡೆದೆ, ನಮ್ಮನೆ ಸೂರು ಇಷ್ಟು ಗಲೀಜಾಗಿದೆ ಅಂತ ಮಲಗಿದ್ಮೇಲೇ ಗೊತ್ತಾಗಿದ್ದು" ಎಂದು ನಗಿಸುತ್ತಿದ್ದರು.

ಆಮೇಲೆ ಗುಂಡು ಬಂತು. ಪ್ರತಿ ಸೋಮವಾರ ಬೆಳಿಗ್ಗೆ ಅಕ್ಕ ಅದನ್ನು ಕಾರ್ಖಾನೆಗೆ ಹೊತ್ತು ತರುತ್ತಿದ್ದಳು. ಸಂಜೆ ಕೆಲಸ ಬಿಡುವ ಮುಂಚೆ ಬಿರಡೆ ಬಿಚ್ಚಿ ನೂರು ಗ್ರಾಂ ಕಾಳು ಹಾಕಿ, ದೊಡ್ಡ ತಕ್ಕಡಿಗೆ ಇಟ್ಟು, ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿದು ನೋಡಿ, "ಸರಿ ಇದೆ" ಎನ್ನುತ್ತಿದ್ದಳು. ಮುದ್ರೆ ಒತ್ತಲೇನಕ್ಕಾ ಎಂದು ನಾನು ರೇಗಿಸುತ್ತಿದ್ದೆ. ಹೊತ್ತು ತರುವಾಗಿನ ತೂಕಕ್ಕಿಂತ ಹೊತ್ತು ಹೋಗುವಾಗಿನ ತೂಕ ಹೆಚ್ಚು. ಆ ಹೆಚ್ಚಿನದು ಎರಡು ಮೊಟ್ಟೆಯಷ್ಟೂ ಅಲ್ಲ. ಯಾರಿಗೆ ಗೊತ್ತಾಗುತ್ತದೆ. ಆದರೆ ವರ್ಷ ತುಂಬುವ ಹೊತ್ತಿಗೆ ಹನ್ನೆರಡೂವರೆ ಕಿಲೋ ಗುಂಡನ್ನು ಅವಳು ಕೈಚೀಲದ ಹಾಗೆ ತೂಗಾಡಿಸಿಕೊಂಡು ಬೀದಿಯಲ್ಲಿ ಬರುತ್ತಿದ್ದಳು. ಅವಳ ಹೆಗಲು ಅಗಲವಾಯಿತು. ಕುತ್ತಿಗೆಯ ಹಿಂದೆ ಸದಾ ಇರುತ್ತಿದ್ದ ನೋವು ಹೋಯಿತು. ಐವತ್ತರ ಹೆಂಗಸಿಗೆ ಹೊಸ ಬೆನ್ನು ಬಂದ ಹಾಗಿತ್ತು. ನನಗೆ ಹೊಟ್ಟೆಕಿಚ್ಚು ಕೂಡ ಆಯಿತು, ಸುಳ್ಳು ಯಾಕೆ ಹೇಳಲಿ.

ಎರಡನೆಯ ವರ್ಷ ಜ್ವರ ಬಂದು ಮೂರು ವಾರ, ಮಣಿಕಟ್ಟು ಉಳುಕಿ ಎರಡು ವಾರ ಕೈ ತಪ್ಪಿದವು. ಮತ್ತೆ ಎತ್ತಲು ಶುರು ಮಾಡುವಾಗ ಒಂದು ಕಿಲೋ ಕಾಳು ಹೊರಗೆ ತೆಗೆದು ಹಿಂದಿನಿಂದ ಬಂದಳು. ಕಳೆದದ್ದನ್ನು ವಾರಕ್ಕೆ ಇನ್ನೂರು ಗ್ರಾಂನಂತೆ ತುಂಬಿಕೊಂಡಳು, ಅದಕ್ಕಿಂತ ಅವಸರ ಮಾಡಲಿಲ್ಲ. ಎರಡು ವರ್ಷ ನಾಲ್ಕು ತಿಂಗಳಿಗೆ ಹತ್ತೊಂಬತ್ತೂವರೆ ಮುಟ್ಟಿದಳು.

ಅಲ್ಲಿ ನಿಂತಿತು. ಜಪ್ಪಯ್ಯ ಅಂದರೂ ಮುಂದೆ ಹೋಗಲಿಲ್ಲ. ನೂರು ಗ್ರಾಂ ಹಾಕಿದರೆ ಎಂಟನೆಯದಕ್ಕೆ ಬೆನ್ನು ಬಾಗುತ್ತಿತ್ತು. ಐವತ್ತು ಗ್ರಾಂ ಹಾಕಿ ನೋಡಿದಳು, ಇಪ್ಪತ್ತು ಹಾಕಿ ನೋಡಿದಳು. ಹತ್ತೊಂಬತ್ತೂವರೆಯಲ್ಲಿ ಹತ್ತು ಸಲ, ಅದರ ಮೇಲೆ ಕೂದಲೆಳೆಯಷ್ಟೂ ಇಲ್ಲ. ಸೋಮವಾರ ಸಂಜೆ ಗುಂಡನ್ನು ತಕ್ಕಡಿಗಿಟ್ಟು, ಕಾಳಿನ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಹಾಕದೆ ಎದ್ದು ಹೋಗುತ್ತಿದ್ದಳು. ಡಾಕ್ಟರಮ್ಮ ಬೇರೆ ಊರಿಗೆ ವರ್ಗವಾಗಿದ್ದರು. ಫೋನಿನಲ್ಲಿ, "ನಿಲ್ಲುತ್ತೆ, ಎಲ್ಲರಿಗೂ ಒಂದೆಡೆ ನಿಲ್ಲುತ್ತೆ. ಆರು ತಿಂಗಳೋ ವರ್ಷವೋ ಅಷ್ಟೇ ಭಾರ ಎತ್ತುತ್ತಾ ಇರಿ, ಒಂದು ದಿನ ತಾನಾಗೇ ಬಿಡುತ್ತೆ" ಎಂದರು. ಅವರು ಸರಿಯಾಗಿಯೇ ಹೇಳಿದ್ದರು. ಆದರೆ ನಮ್ಮ ಬಳಿ ಇದ್ದದ್ದು ಎಂಟು ತಿಂಗಳು. ಆ ದಿನಗಳಲ್ಲಿ ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ. ಗಂಡನ ಎದುರು ಮಾತ್ರ, "ಇನ್ನೇನು ಬಂದೇಬಿಡ್ತು ರೀ" ಎನ್ನುತ್ತಿದ್ದಳು. ಗಂಡ ತಲೆಯಾಡಿಸುತ್ತಿದ್ದರು. ಅವರು ಮಂಚದ ಮೇಲೆ ಮಲಗಿ ಎಣಿಸುತ್ತಿದ್ದವರು. ಹತ್ತಕ್ಕೆ ನಿಲ್ಲುವುದು, ಎಂಟಕ್ಕೆ ಬಾಗುವುದು ಎಲ್ಲ ಅವರಿಗೆ ಗೊತ್ತಿತ್ತು.

ಈಗ ನನ್ನ ಪಾಲಿನದು ಹೇಳಬೇಕು. ಅಕ್ಕನಿಗೆ ಮಧ್ಯಾಹ್ನ ಮನೆಗೆ ಹೋಗಲು ಆಗುತ್ತಿರಲಿಲ್ಲ, ಸೀಸದ ಒಲೆ ಉರಿಯುತ್ತಿದ್ದರೆ ಬಿಟ್ಟು ಏಳುವ ಹಾಗಿಲ್ಲ. ಊಟದ ಬಿಡುವಿನಲ್ಲಿ ನಾನು ಹೋಗಿ ಭಾವನನ್ನು ಪಕ್ಕಕ್ಕೆ ಹೊರಳಿಸಿ, ನೀರು ಕೊಟ್ಟು, ಡಬ್ಬಿ ಬಿಚ್ಚಿ ಮುಂದಿಟ್ಟು, ಅರ್ಧ ಗಂಟೆ ಹರಟೆ ಹೊಡೆದು ಬರುತ್ತಿದ್ದೆ. ಒಂದು ದಿನ ಭಾವ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

"ಬೆಳಿಗ್ಗೆ ಅವಳು ತುರುಕಿ ತುರುಕಿ ತಿನ್ನಿಸಿದಾಳೆ, ಹೊಟ್ಟೇಲಿ ಜಾಗ ಇಲ್ಲ. ವಾಪಸ್ ಕಳಿಸಿದ್ರೆ ಬೇಜಾರ್ ಮಾಡ್ಕೋತಾಳೆ. ನೀನೇ ಖಾಲಿ ಮಾಡು ಭಾವಮೈದ. ನಿನಗಂತೂ ಮಾಡಿ ಹಾಕೋರು ದಿಕ್ಕಿಲ್ಲ."

ನನ್ನದು ಒಂಟಿ ಸಂಸಾರ, ಒಲೆ ಹಚ್ಚುವುದೆಂದರೆ ಬೇಜಾರು. ಅಕ್ಕನ ಕೈ ಅಡುಗೆ ಬೇರೆ. ತಿಂದೆ. ಮರುದಿನ ಅರ್ಧ ತಿಂದೆ, ಅದರ ಮರುದಿನ ಪೂರ್ತಿ. ಆಮೇಲೆ ಅದೇ ರೂಢಿಯಾಯಿತು. ಬೇಡ ಭಾವ ಎಂದು ಒಂದೆರಡು ಸಲ ಬಾಯಿಮಾತಿಗೆ ಅಂದೆ, ಕೈ ಮಾತ್ರ ಡಬ್ಬಿಯಲ್ಲೇ ಇತ್ತು. ಎಂಟು ತಿಂಗಳು ತಿಂದೆ. ನನ್ನ ಪ್ಯಾಂಟಿನ ಗುಂಡಿ ಹಾಕಲು ಬರುತ್ತಿರಲಿಲ್ಲ. ಸಂಜೆ ಅಕ್ಕ ಊಟಕ್ಕೆ ಕೂರಿಸಿದರೆ ಭಾವ, "ಮಧ್ಯಾಹ್ನ ನಿನ್ನ ತಮ್ಮ ಬಲವಂತ ಮಾಡಿ ತಿನ್ನಿಸಿದಾನೆ ಕಣೇ, ಎರಡು ತುತ್ತು ಸಾಕು" ಎನ್ನುತ್ತಿದ್ದರಂತೆ. ಬೆಳಗಿನದು ಸಹಾಯಕರ ಕಣ್ಣು ತಪ್ಪಿಸಿ ಮಂಚದ ಪಕ್ಕದ ಕಿಟಕಿಯಿಂದ ಗಲ್ಲಿಯ ನಾಯಿಗಳಿಗೆ ಹೋಗುತ್ತಿತ್ತು ಎಂದು ಆಮೇಲೆ ತಿಳಿಯಿತು. ಇಂದು ಬಂದ ಸಹಾಯಕ ಮುಂದಿನ ವಾರ ಬರುತ್ತಿರಲಿಲ್ಲ, ಹೊಸಬ ಬಂದವನಿಗೆ ಹಳೆಯದು ಗೊತ್ತಿರಲಿಲ್ಲ. ಚಳಿ ಚಳಿ ಎಂದು ಭಾವ ಎರಡು ಸ್ವೆಟರ್ ಹಾಕಿಸಿಕೊಳ್ಳುತ್ತಿದ್ದರು. ಕಾಲು ಮೊದಲೇ ಸೊರಗಿದ್ದವು. ಕೆನ್ನೆ ಒಳಗೆ ಹೋಗಿದೆ ಎಂದು ನನಗೆ ಕಂಡಿತ್ತು. ಮಲಗಿದವರಿಗೆ ಅದು ಇದ್ದದ್ದೇ ಎಂದುಕೊಂಡೆ.

ಗುಂಡು ನಿಂತ ಮೇಲೆ, ಇಪ್ಪತ್ನಾಲ್ಕಕ್ಕೆ ಕಾಯದೆ, ಪ್ರತಿ ತಿಂಗಳ ಮೊದಲ ಭಾನುವಾರ ಎತ್ತಿ ನೋಡುವ ದಿನವಾಯಿತು. ಭಾವನನ್ನು ನೆಲದ ಹಾಸಿಗೆಗೆ ಇಳಿಸಿ, ನಾನು ಪಕ್ಕದಲ್ಲಿ ಕೈ ಚಾಚಿ ನಿಲ್ಲುತ್ತಿದ್ದೆ, ಅಕ್ಕ ಅವರ ಕಂಕುಳಲ್ಲಿ ಕೈ ಹಾಕಿ ಎತ್ತುತ್ತಿದ್ದಳು. ಮೊದಲ ಭಾನುವಾರ ನೆಲ ಬಿಟ್ಟು ಬರಲಿಲ್ಲ. ಮೂರನೆಯ ತಿಂಗಳು ಒಂದು ಗೇಣು. ಐದಕ್ಕೆ ಮೊಣಕಾಲ ಮಟ್ಟ. ಏಳನೆಯ ತಿಂಗಳು, ಬೆಳಿಗ್ಗೆ ಹತ್ತು ಗಂಟೆಯ ಬಿಸಿಲು ಕೋಣೆಯೊಳಗೆ ಬಿದ್ದಿತ್ತು, ಅಕ್ಕ ಒಂದೇ ಉಸಿರಿಗೆ ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದಳು. ಮೂವರೂ ಅತ್ತೆವು. ಭಾವ ಅಳುತ್ತಲೇ, "ನನ್ನ ಹೆಂಡ್ತಿ ಪೈಲ್ವಾನ್ ಕಣೋ" ಅಂದರು.

ಗುಂಡು ಇನ್ನೂ ಹತ್ತೊಂಬತ್ತೂವರೆಯಲ್ಲೇ ಇತ್ತು. ಸೋಮವಾರ ಬೆಂಚಿನಲ್ಲಿ ನಾನೇ ಕೇಳಿದೆ, ಅದು ಹೇಗಕ್ಕಾ, ಗುಂಡು ಮುಂದೆ ಹೋಗಲಿಲ್ಲ, ಭಾವ ಮೇಲೆ ಬಂದರಲ್ಲ ಎಂದು. "ವರಸೆ ಕೂತಿದೆ ತಮ್ಮಾ" ಅಂದಳು. "ಮನುಷ್ಯರನ್ನ ಎತ್ತೋ ವರಸೆ ಬೇರೆ." ಹೌದೆನ್ನಿಸಿತು. ನಮ್ಮ ಕಾರ್ಖಾನೆಗೆ ಹೊಸಬರು ಬಂದ ದಿನ ನಾವಿಬ್ಬರೇ ಹೇಳಿಕೊಡುವ ಮೊದಲ ಪಾಠ ಒಂದಿದೆ. ಒಂದು ತಟ್ಟೆ ಮೇಲೆ ಹೋದರೆ ಎದುರಿನದು ಭಾರವಾಯಿತು ಎಂದು ಹಾರಾಡಬೇಡಿ, ಮೇಲೆ ಹೋದದ್ದರಲ್ಲಿ ಏನು ಕಡಿಮೆಯಾಯಿತು ಅದನ್ನು ಮೊದಲು ನೋಡಿ. ಇಪ್ಪತ್ತಾರು ವರ್ಷ ಊರಿಗೆಲ್ಲ ಹೇಳಿಕೊಟ್ಟವರಿಗೆ ಅವತ್ತು ಅದು ತಲೆಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯುವುದು ಬೇಡವಾಗಿತ್ತೋ.

ಪರೀಕ್ಷೆಗೆ ಬಂದ ಅಧಿಕಾರಿ ನಲವತ್ತರ ಹೆಂಗಸು. ಕೆಟ್ಟವರಲ್ಲ. ಚಪ್ಪಲಿ ಹೊರಗೆ ಬಿಟ್ಟು, ಭಾವನ ಹೆಸರು ಹಿಡಿದು ಮಾತಾಡಿಸಿ, ನೆಲಕ್ಕೆ ಇಳಿಸಲು ತಾವೂ ಕೈ ಕೊಟ್ಟರು. ಅಕ್ಕ ಎತ್ತಿದಳು. ತೂಗಾಡಲಿಲ್ಲ, ಏದುಸಿರು ಬಿಡಲಿಲ್ಲ. ಅಧಿಕಾರಿ, "ಇಷ್ಟು ಚೆನ್ನಾಗಿ ಯಾರೂ ಎತ್ತಿದ್ದು ನಾನು ನೋಡಿಲ್ಲ" ಎನ್ನುತ್ತಾ ಬರೆದುಕೊಂಡರು. ಅಕ್ಕ ನನ್ನ ಕಡೆ ನೋಡಿದಳು. ಆ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಇನ್ನು ತೂಕ ಒಂದು ಬರ್ಕೊಂಡ್ರೆ ಮುಗೀತು" ಎಂದು ಅಧಿಕಾರಿ ಹೊರಗಿನ ವ್ಯಾನಿನಿಂದ ಚಪ್ಪಟೆ ತೂಕದ ಯಂತ್ರವೊಂದನ್ನು ತರಿಸಿದರು. ಗಾಲಿಕುರ್ಚಿ ಸಮೇತ ಅದರ ಮೇಲೆ ಹತ್ತಿಸಿದರು. ಕುರ್ಚಿಯ ತೂಕ ಕಳೆದರು. ಮತ್ತೊಮ್ಮೆ ಕಳೆದರು. ಹಳೆಯ ಕಾಗದ ತಿರುವಿ ನೋಡಿದರು.

"ಮೂರು ವರ್ಷದ ಹಿಂದೆ ಎಪ್ಪತ್ತೆರಡು ಅಂತ ಇದೆ. ಈಗ ನಲವತ್ತೊಂದು ಕಿಲೋ ಮುನ್ನೂರು ಗ್ರಾಂ."

"ನಿಮ್ಮ ಯಂತ್ರ ಕೆಟ್ಟಿದೆ" ಅಂದಳು ಅಕ್ಕ.

"ಇಲ್ಲಮ್ಮ, ಹೋದ ವಾರ ಸರಿ ಮಾಡಿಸಿದ್ದು."

"ಕೆಟ್ಟಿದೆ ಅಂದ್ನಲ್ಲ. ತಮ್ಮಾ, ಹೋಗಿ ಎರಡು ಇಪ್ಪತ್ತು ತಗೊಂಡ್ ಬಾ."

ನಾನು ಕಾರ್ಖಾನೆಗೆ ಓಡಿದೆ. ನಾನೇ ಮುದ್ರೆ ಒತ್ತಿದ ಇಪ್ಪತ್ತು ಕಿಲೋದ ಎರಡು ಬಟ್ಟುಗಳನ್ನು ಕೈಗಾಡಿಯಲ್ಲಿ ಹಾಕಿಕೊಂಡು ಬಂದೆ. ಬರುವಾಗ ದಾರಿಯುದ್ದಕ್ಕೂ ಯಂತ್ರ ಕೆಟ್ಟಿರಲಿ ಎಂದು ಬೇಡಿಕೊಂಡೆ. ಅಕ್ಕ ಎರಡನ್ನೂ ಒಂದೊಂದು ಕೈಯಲ್ಲಿ ಎತ್ತಿ ಯಂತ್ರದ ಮೇಲೆ ಇಟ್ಟಳು. ನಲವತ್ತು. ತೆಗೆದು ಮತ್ತೆ ಇಟ್ಟಳು. ನಲವತ್ತು. ಮೂಲೆಗೆ ಸರಿಸಿ ನೋಡಿದಳು, ಒಂದನ್ನೇ ಇಟ್ಟು ನೋಡಿದಳು. ಆಮೇಲೆ ಬೆಂಚಿನಲ್ಲಿ ಹೇಳುವ ಅದೇ ದನಿಯಲ್ಲಿ, "ಸರಿ ಇದೆ" ಅಂದಳು. ಆ ಮಾತು ಕೇಳಿದರೆ ನನ್ನ ಕೈ ತಾನಾಗಿ ಮುದ್ರೆಯ ಕಡೆ ಹೋಗುತ್ತದೆ. ಅವತ್ತು ಬಟ್ಟುಗಳನ್ನು ಎತ್ತಿ ವಾಪಸ್ ಕೈಗಾಡಿಗೆ ಹಾಕಿದೆ.

ಭಾವನೇ ಶುರು ಮಾಡಿದರು.

"ನೀನು ಹತ್ತೊಂಬತ್ತೂವರೆಗೆ ನಿಂತ್ಬಿಟ್ಟೆ ಕಣೇ. ದಿನ ಹತ್ತಿರ ಬರ್ತಿತ್ತು. ನೀನು ಮೇಲೆ ಬರೋಕಾಗ್ತಿಲ್ಲ ಅಂದ್ಮೇಲೆ ನಾನಾದ್ರೂ ಸ್ವಲ್ಪ ಕೆಳಗೆ ಇಳೀಬೇಕಲ್ವಾ."

"ಹೇಳಿದ್ರಾ ನನಗೆ?"

"ಹೇಳಿದ್ರೆ ಬಿಡ್ತಿದ್ಯಾ?"

"ನನ್ನ ಬಲ ಅಂದ್ಕೊಂಡಿದ್ದೆ ರೀ" ಅಂದಳು ಅಕ್ಕ. "ನನ್ನ ಬಲ ಅಂತ ಬೀಗ್ತಿದ್ದೆ. ಬೀದೀಲಿ ಎದೆ ಸೆಟೆಸ್ಕೊಂಡು ಬರ್ತಿದ್ದೆ. ಇನ್ನೊಂದು ವರ್ಷ ಕೊಟ್ಟಿದ್ರೆ ನಿಜವಾಗ್ಲೂ ಬರ್ತಿತ್ತು."

ಅಧಿಕಾರಿ ತಲೆ ತಗ್ಗಿಸಿ, "ಒಂದು ಅರ್ಜಿ ಹಾಕಿದ್ರೆ ಇನ್ನೊಂದು ವರ್ಷ ಕೊಡ್ತಿದ್ವಿ. ಕೇಳ್ದೋರಿಗೆಲ್ಲ ಕೊಟ್ಟಿದೀವಿ" ಅಂದರು. ನಾವು ಕೇಳಿರಲಿಲ್ಲ. ಕೇಳಬಹುದು ಎನ್ನುವುದೇ ನಮಗೆ ಗೊತ್ತಿರಲಿಲ್ಲ. ಮೂರು ವರ್ಷ ಎಂದರೆ ಮೂರು ವರ್ಷ, ಎರಡು ಗ್ರಾಂ ಕೂಡ ಬಿಟ್ಟುಕೊಡದ ಜನ ನಾವು.

ನಾನು ಆಗ ಬಾಯಿ ಬಿಟ್ಟೆ. ಮಧ್ಯಾಹ್ನದ ಡಬ್ಬಿಯ ಸಂಗತಿ ಹೇಳಿದೆ. ಅಕ್ಕ ನನಗೆ ಬಯ್ಯಲಿಲ್ಲ. ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿದಳು, ಅಷ್ಟೇ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಕಾಗದದಲ್ಲಿ ಏನು ಬರೆಯಬೇಕೋ ಅದನ್ನೇ ಅಧಿಕಾರಿ ಬರೆದರು: ಮನೆಯಲ್ಲಿ ಸರಿಯಾದ ಪೋಷಣೆ ಇಲ್ಲ. ಅದೇ ವಾರ ವ್ಯಾನು ಬಂದು ಭಾವನನ್ನು ಕೇಂದ್ರಕ್ಕೆ ಕರೆದೊಯ್ದಿತು. ಹೋಗುವಾಗ ಅವರು ಕಿಟಕಿಯ ಸರಳು ಹಿಡಿದುಕೊಂಡರು. ನಾನು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಅಕ್ಕನ ಕೈಯಲ್ಲಿ ಅದು ಆಗಲಿಲ್ಲ.

ಐವತ್ತೈದು ಕಿಲೋ ಆದರೆ ವಾಪಸ್ ಕಳಿಸುತ್ತೇವೆ, ಆ ತೂಕದಲ್ಲಿ ನೀವು ಎತ್ತಿ ತೋರಿಸಬೇಕು ಎಂದು ಕೇಂದ್ರದವರು ಹೇಳಿದರು. ಅಕ್ಕ ಮಾರನೇ ಸೋಮವಾರ ಗುಂಡನ್ನು ಹೊತ್ತು ತಂದಳು. "ಐವತ್ತೈದಕ್ಕಲ್ಲ, ಎಪ್ಪತ್ತೆರಡಕ್ಕೇ ತಯಾರಾಗ್ತೀನಿ. ಅವರು ಎಷ್ಟಾದ್ರೂ ದಪ್ಪ ಆಗ್ಲಿ" ಅಂದಳು. ಡಾಕ್ಟರಮ್ಮ ಹೇಳಿದ್ದು ಆಮೇಲೆ ನಿಜವಾಯಿತು. ಎರಡು ತಿಂಗಳು ಕಳೆದ ಮೇಲೆ ಹತ್ತೊಂಬತ್ತೂವರೆ ಬಿಟ್ಟಿತು. ಮತ್ತೆ ವಾರಕ್ಕೆ ನೂರು ಗ್ರಾಂ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಅವಳು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ, ಎತ್ತುತ್ತಿದ್ದಳು. ಬೀದಿಯಲ್ಲಿ ಹೆಂಗಸರು ಅವಳನ್ನು ಕಂಡು ಮೂಗು ಮುರಿಯುತ್ತಿದ್ದರು, ಗಂಡನನ್ನು ಉಪವಾಸ ಕೆಡವಿ ತಾನು ಕಟ್ಟುಮಸ್ತಾಗಿದ್ದಾಳೆ ಎಂದು. ನಾನು ಒಬ್ಬಿಬ್ಬರ ಮೇಲೆ ಕೈ ಎತ್ತಿಕೊಂಡು ಹೋದದ್ದೂ ಇದೆ. ಅದರಿಂದ ಏನಾಯಿತು, ಏನೂ ಇಲ್ಲ.

ಭಾನುವಾರ ಇಬ್ಬರೂ ಬಸ್ಸು ಹತ್ತಿ ಕೇಂದ್ರಕ್ಕೆ ಹೋಗುತ್ತಿದ್ದೆವು. ಭಾವ ತಿನ್ನಲು ನಿಜವಾಗಿಯೂ ಪ್ರಯತ್ನ ಪಟ್ಟರು. ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದರು. ಆದರೆ ಹೊಟ್ಟೆ ಮಾತು ಕೇಳುವುದನ್ನು ಬಿಟ್ಟಿತ್ತು. ನಾಲ್ಕು ತುತ್ತು ಒಳಗೆ ಹೋದರೆ ಮೂರು ಹೊರಗೆ ಬರುತ್ತಿತ್ತು. ಮೊದಲ ತಿಂಗಳು ನಲವತ್ತೆರಡೂವರೆ ಆದರು. ಆಮೇಲೆ ನಲವತ್ತೊಂದು. ಆಮೇಲೆ ನಲವತ್ತಕ್ಕೂ ಕೆಳಗೆ. ಬೆನ್ನಲ್ಲಿ ಹುಣ್ಣು, ಹುಣ್ಣಿನಿಂದ ಜ್ವರ. ಅಕ್ಕ ಮಂಚದ ಪಕ್ಕ ಕೂತು ತನ್ನ ಲೆಕ್ಕ ಹೇಳುತ್ತಿದ್ದಳು, "ಈ ವಾರ ಇಪ್ಪತ್ತೆರಡು ಮುನ್ನೂರು ರೀ." ಅವರು, "ನಾನೂ ಬರ್ತೀನಿ ಇರು" ಎನ್ನುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಎದುರು ದಿಕ್ಕಿಗೆ ನಡೆಯುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ.

ಇಪ್ಪತ್ನಾಲ್ಕು ಕಿಲೋದಲ್ಲಿ ಅವಳು ಹತ್ತು ಸಲ ಎದ್ದದ್ದು ಒಂದು ಗುರುವಾರ. ಹತ್ತನೆಯದು ಮೊದಲನೆಯದರಷ್ಟೇ ನೀಟಾಗಿತ್ತು. ನಾನು ಪಕ್ಕದಲ್ಲಿ ನಿಂತು ಎಣಿಸಿದೆ. ಗುಂಡು ಕೆಳಗಿಟ್ಟು, ಬೆವರು ಒರೆಸಿಕೊಳ್ಳದೆ, "ಭಾನುವಾರ ಹೇಳ್ತೀನಿ ಅವರಿಗೆ" ಅಂದಳು.

ಶನಿವಾರ ಬೆಳಿಗ್ಗೆ ಕೇಂದ್ರದಿಂದ ಕಾರ್ಖಾನೆಗೆ ಫೋನು ಬಂತು. ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅದೇ ಎಂಟು ಮಂಚದ ಕೋಣೆ. ಇಬ್ಬರು ಸಹಾಯಕರು ಭಾವನನ್ನು ಹಾಸಿಗೆಯ ಬಟ್ಟೆ ಸಮೇತ ಎತ್ತಿ ಪಕ್ಕದ ಗಾಡಿಗೆ ಹಾಕಲು ಬಂದರು.

"ಬಿಡಿ" ಅಂದಳು ಅಕ್ಕ. "ನಾನು ಎತ್ತುತ್ತೀನಿ."

ಅವರು ಬೇಡವೆಂದರು, ನಾನು ಕೈ ಅಡ್ಡ ಹಿಡಿದು ತಡೆದೆ. ಅಕ್ಕ ಕಾಲು ಅಗಲಿಸಿ ನಿಂತಳು, ಸೊಂಟ ಹಿಂದಕ್ಕೆ ತಳ್ಳಿದಳು, ಬೆನ್ನು ನೆಟ್ಟಗೆ ಮಾಡಿದಳು. ಒಂದು ಕೈ ಬೆನ್ನಿನ ಕೆಳಗೆ, ಒಂದು ಮೊಣಕಾಲ ಕೆಳಗೆ. ಉಸಿರು ಎಳೆದುಕೊಂಡು ಎತ್ತಿದಳು. ಎತ್ತಿದ ರಭಸಕ್ಕೆ ಆಯ ತಪ್ಪಿ ಎರಡು ಹೆಜ್ಜೆ ಹಿಂದಕ್ಕೆ ಬಂದು ಇನ್ನೇನು ಬೀಳಬೇಕು, ನಾನು ಬೆನ್ನಿಗೆ ಕೈ ಕೊಟ್ಟೆ.

"ತಮ್ಮಾ" ಅಂದಳು, "ಬಲ ಜಾಸ್ತಿ ಹಾಕ್ಬಿಟ್ಟೆ."

ಭಾವನನ್ನು ಎದೆಗೆ ಆನಿಸಿಕೊಂಡು ಹಾಗೇ ನಿಂತಳು. ಸಹಾಯಕರು ಗಾಡಿ ಹಿಡಿದು ಕಾಯುತ್ತಿದ್ದರು. ನಾನು ಅವಳ ಬೆನ್ನಿಗೆ ಕೊಟ್ಟ ಕೈ ತೆಗೆಯಲಿಲ್ಲ.